ಎತ್ತರಕ್ಕೂ ಗರ್ವಕ್ಕೂ ಒಂದೇ ನುಡಿ

‘ಅವನಿಗೆ ಕಣ್ಣು ನೆತ್ತಿಗೇರಿದೆ’ ಎಂಬ ಮಾತು ಕನ್ನಡಿಗರ ಮನೆಗಳಿಗೆ ಹೊಸದಲ್ಲ. ಹಳೆಯ ಗೆಳೆಯ ಎದುರಿಗೆ ಬಂದರೂ ಗುರುತಿಸದೆ ಹೋದವನನ್ನು ಕುರಿತು, ಸಂಬಳ ಹೆಚ್ಚಿದೊಡನೆ ನೆಂಟರಿಷ್ಟರನ್ನು ಮರೆತವನನ್ನು ಕುರಿತು, ಈ ಮಾತು ತಾನಾಗಿಯೇ ನಾಲಗೆಗೆ ಬರುತ್ತದೆ. ಕಣ್ಣು ತನ್ನ ಸ್ಥಾನದಲ್ಲಿದ್ದರೆ ಎದುರಿಗೆ ನಿಂತ ಮನುಷ್ಯ ಕಾಣಿಸುತ್ತಾನೆ. ನೆತ್ತಿಯ ಮೇಲಕ್ಕೆ ಹೋದರೆ ಬರಿಯ ಆಕಾಶ ಕಾಣಿಸೀತು. ಮನಸ್ಸಿನ ಒಂದು ದೋಷವನ್ನು ಹೇಳುವುದಕ್ಕೆ ಜನರು ಶರೀರದ ಒಂದು ಅಂಗವನ್ನು ಮೇಲಕ್ಕೇರಿಸಿಬಿಟ್ಟರು. ಹೆಚ್ಚಿನ ವ್ಯಾಖ್ಯಾನವೇನೂ ಬೇಕಾಗಲಿಲ್ಲ.

ಇಂಥದೇ ಮಾತು ಕನ್ನಡನಾಡಿನಿಂದ ಬಹುದೂರದಲ್ಲಿ, ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಬೆಟ್ಟಗಳ ನಾಡಿನಲ್ಲಿಯೂ ಹುಟ್ಟಿತು. ಆ ನಾಡಿನ ಪ್ರಾಚೀನ ಭಾಷೆಯಾದ ಹೀಬ್ರೂವಿನಲ್ಲಿ ‘ರೂಮ್ ಐನಾಯಿಮ್’ ಎಂಬ ನುಡಿಗಟ್ಟಿದೆ. ರೂಮ್ ಎಂದರೆ ಎತ್ತರ. ಐನಾಯಿಮ್ ಎಂದರೆ ಎರಡು ಕಣ್ಣುಗಳು. ಕಣ್ಣುಗಳ ಎತ್ತರವೆಂದರೆ ಗರ್ವ. ಯೆಹೂದ್ಯರ ಧರ್ಮಗ್ರಂಥದಲ್ಲಿ ಜ್ಞಾನೋಕ್ತಿಗಳೆಂಬ ಭಾಗವನ್ನು ಬರೆದವರಿಗೂ, ಕಣ್ಣು ನೆತ್ತಿಗೇರಿತೆಂದು ಗೊಣಗುವ ಕನ್ನಡದ ಅಜ್ಜಿಗೂ ಯಾವ ಪರಿಚಯವೂ ಇರಲಿಲ್ಲ. ಆದರೂ ಇಬ್ಬರೂ ಗರ್ವಿಷ್ಠನ ಮುಖದಲ್ಲಿ ಮೊದಲು ಕಂಡದ್ದು ಅವನ ಕಣ್ಣನ್ನೇ.

ಆದರೆ ಹೀಬ್ರೂ ಭಾಷೆ ಇಷ್ಟಕ್ಕೇ ನಿಲ್ಲಲಿಲ್ಲ. ಕನ್ನಡದಲ್ಲಿ ಎತ್ತರವೆಂಬುದು ಒಂದು ಮಾತು, ಗರ್ವವೆಂಬುದು ಬೇರೊಂದು ಮಾತು. ತೆಂಗಿನ ಮರ ಎತ್ತರವಾಗಿದೆಯೆಂದು ಹೇಳಿದವರು ಅದನ್ನು ಗರ್ವಿಯೆಂದು ದೂರಿದ ಹಾಗಾಗುವುದಿಲ್ಲ. ಹೀಬ್ರೂವಿನಲ್ಲಾದರೋ ಇವೆರಡೂ ಒಂದೇ ಸೂರಿನ ಕೆಳಗೆ ವಾಸಿಸುತ್ತವೆ. ಆ ಭಾಷೆಯ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುಗಳಿಂದ ಹುಟ್ಟುವಂಥವು. ಗ, ಬ, ಹ ಎಂಬ ಮೂರು ವ್ಯಂಜನಗಳ ಒಂದು ಧಾತುವಿದೆ; ಸ್ವರದ ಮುಂದೆ ಬಂದಾಗ ಅದರ ಬಕಾರವು ವಕಾರವಾಗುತ್ತದೆ. ‘ಗಾವಹ್’ ಎಂದರೆ ಎತ್ತರವಾಗು. ‘ಗಾವೋಹ’ ಎಂದರೆ ಎತ್ತರವಾದದ್ದು. ‘ಗೋವಹ್’ ಎಂದರೆ ಎತ್ತರ. ಬೆಟ್ಟ ಗಾವೋಹ, ಗೋಪುರ ಗಾವೋಹ, ಉದ್ದನೆಯ ಆಳು ಗಾವೋಹ. ಗರ್ವದಿಂದ ಬೀಗಿದವನೂ ಗಾವೋಹನೇ. ‘ಗೋವಹ್ ಲೇವ್’ ಎಂದರೆ ಅಕ್ಷರಶಃ ಹೃದಯದ ಎತ್ತರ. ಅದರ ಸಾಮಾನ್ಯ ಅರ್ಥ ಅಹಂಕಾರ. ಇದೇ ಧಾತುವಿನಿಂದ ಬಂದ ‘ಗವ್‌ಹೂತ್’ ಎಂಬ ನಾಮಪದವು ಮನುಷ್ಯನ ಉದ್ಧಟತನಕ್ಕೆ ಹೆಸರಾಗಿದೆ.

ಸಂಸ್ಕೃತದಿಂದ ಕನ್ನಡಕ್ಕೆ ಬಂದ ಎರಡು ಮಾತುಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಈ ಸ್ವಾರಸ್ಯ ಇನ್ನಷ್ಟು ತಿಳಿಯಾಗುತ್ತದೆ. ಉನ್ನತ ಎಂಬುದರ ಮೊದಲಲ್ಲಿಯೂ ಉದ್ಧತ ಎಂಬುದರ ಮೊದಲಲ್ಲಿಯೂ ಇರುವುದು, ‘ಮೇಲಕ್ಕೆ’ ಎಂಬ ಅರ್ಥವುಳ್ಳ ‘ಉತ್’ ಎಂಬ ಒಂದೇ ಉಪಸರ್ಗ. ಮುಂದೆ ಸೇರಿದ ಧಾತು ಬೇರೆಯಾದ್ದರಿಂದ ಒಂದು ಹೊಗಳಿಕೆಯಾಯಿತು, ಇನ್ನೊಂದು ತೆಗಳಿಕೆಯಾಯಿತು. ಕೇಳಿದವನಿಗೆ ಪದವೇ ತೀರ್ಪನ್ನು ಹೇಳಿಬಿಡುತ್ತದೆ. ಹೀಬ್ರೂವಿನ ‘ಗಾವಹ್’ ಹಾಗೆ ತೀರ್ಪು ಹೇಳುವುದಿಲ್ಲ. ಅದು ಏರಿದುದನ್ನಷ್ಟೇ ಹೇಳುತ್ತದೆ. ಏರಿದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದನ್ನು ಕಥೆಯ ಮುಂದಿನ ಭಾಗದಿಂದಲೇ ತಿಳಿಯಬೇಕು.

ಈ ಪದ ಬೆಳೆದ ನೆಲದ ಸ್ವರೂಪವನ್ನು ಒಂದಿಷ್ಟು ನೋಡುವುದು ಒಳ್ಳೆಯದು. ಅಲ್ಲಿ ಏರು ತಗ್ಗುಗಳು ಜನರ ನಿತ್ಯದ ಅನುಭವ. ಉತ್ತರದಲ್ಲಿ ಹೆರ್ಮೋನ್ ಪರ್ವತ 2,814 ಮೀಟರುಗಳಷ್ಟು ಎತ್ತರಕ್ಕೆ ನಿಂತಿದೆ. ದಕ್ಷಿಣದ ಮೃತಸಮುದ್ರದ ದಡವೋ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿದ್ದು, ಭೂಮಿಯ ಮೇಲಿನ ಒಣನೆಲದಲ್ಲೆಲ್ಲ ಅತ್ಯಂತ ತಗ್ಗಾದ ತಾಣವೆನಿಸಿದೆ. ಯೆರೂಸಲೇಮ್ ನಗರ ಬೆಟ್ಟದ ಮೇಲಿರುವುದರಿಂದ ಅಲ್ಲಿಗೆ ಯಾರೂ ‘ಹೋಗುವುದಿಲ್ಲ’, ‘ಏರುತ್ತಾರೆ’. ಬೆಟ್ಟದ ಮೇಲಿನ ಊರುಗಳಿಗೆ ‘ರಾಮಾ’ ಎಂಬ ಹೆಸರುಂಟು. ಇದು ರೂಮ್ ಎಂಬುದರ ಸೋದರಪದವೇ ಹೊರತು ಅಯೋಧ್ಯೆಯ ರಾಮನಿಗೂ ಅದಕ್ಕೂ ಸಂಬಂಧವಿಲ್ಲ. ಹೋಲಿಕೆ ಕಿವಿಗೆ ಮಾತ್ರ. ಬೆಟ್ಟದ ಸಾಲಿನ ಪಶ್ಚಿಮಕ್ಕಿರುವ ತಗ್ಗು ಪ್ರದೇಶಕ್ಕೆ ‘ಶೆಫೇಲಾ’ ಎಂದು ಹೆಸರು. ಅದು ‘ಶಾಫೇಲ್’, ಎಂದರೆ ತಗ್ಗು, ಎಂಬ ಧಾತುವಿನಿಂದ ಬಂದದ್ದು. ಗರ್ವ ಇಳಿದವನನ್ನು ಹೇಳುವಾಗಲೂ ಹೀಬ್ರೂ ಕವಿಗಳು ಇದೇ ಧಾತುವನ್ನು ಬಳಸಿದರು. ನೆಲದ ನಕ್ಷೆಯೇ ಮನಸ್ಸಿನ ನಕ್ಷೆಯೂ ಆಯಿತು.

ಎತ್ತರವನ್ನು ಕಂಡು ಮರುಳಾಗುವುದು ಮನುಷ್ಯಸ್ವಭಾವ. ಇಸ್ರಾಯೇಲ್ ಜನರು ತಮಗೊಬ್ಬ ಅರಸನು ಬೇಕೆಂದು ಕೇಳಿದಾಗ ದೊರೆತವನು ಸೌಲ. ಜನರ ಗುಂಪಿನಲ್ಲಿ ಅವನು ನಿಂತರೆ ಉಳಿದವರೆಲ್ಲರೂ ಅವನ ಭುಜದವರೆಗೆ ಮಾತ್ರ ಬರುತ್ತಿದ್ದರಂತೆ. ಅಲ್ಲಿ ಬಳಸಿರುವ ಪದ ‘ಗಾವೋಹ’. ಆದರೆ ಆ ಆಜಾನುಬಾಹುವಿನ ಮನಸ್ಸು ಮೊದಲಿಗೆ ಬಹಳ ಸಂಕೋಚದ್ದು. ಅರಸನೆಂದು ಸಾರುವ ಹೊತ್ತಿಗೆ ಅವನು ಸಾಮಾನುಗಳ ಗಂಟುಮೂಟೆಗಳ ನಡುವೆ ಅಡಗಿಕೊಂಡಿದ್ದನು. ಕಾಲಕ್ರಮದಲ್ಲಿ ಅದೇ ಸೌಲನು ತನ್ನ ಗೆಲವಿಗೆ ತಾನೇ ಸ್ಮಾರಕವನ್ನು ನಿಲ್ಲಿಸಿಕೊಂಡನು. ಹೆಂಗಸರು ಹಾಡುತ್ತ ಕಿರಿಯನಾದ ದಾವೀದನನ್ನು ತನಗಿಂತ ಹೆಚ್ಚಾಗಿ ಹೊಗಳಿದ್ದನ್ನು ಕೇಳಿ ಕುದಿದನು. ಅವನ ಬಾಳಿನ ಕೊನೆಯ ರಾತ್ರಿಯನ್ನು ವರ್ಣಿಸುವಲ್ಲಿ ಗ್ರಂಥಕಾರನು, ಸೌಲನು ತನ್ನ ನಿಲುವಿನ ಉದ್ದಕ್ಕೂ ನೆಲಕ್ಕೆ ಬಿದ್ದನೆಂದು ಹೇಳುತ್ತಾನೆ. ಮೊದಲ ಅಧ್ಯಾಯದಲ್ಲಿ ಎಲ್ಲರೂ ತಲೆಯೆತ್ತಿ ನೋಡಿದ ಆ ಎತ್ತರವನ್ನು ಕೊನೆಯಲ್ಲಿ ಅವನು ನೆಲದ ಮೇಲೆ ಅಳೆದು ತೋರಿಸುತ್ತಾನೆ.

ಸೌಲನ ತರುವಾಯದ ಅರಸನನ್ನು ಆರಿಸಲು ಹೊರಟ ಪ್ರವಾದಿ ಸಮುವೇಲನೂ ಈ ಮೋಹಕ್ಕೆ ಸಿಕ್ಕದೆ ಇರಲಿಲ್ಲ. ಇಷಯನ ಹಿರಿಯ ಮಗ ಎಲೀಯಾಬನನ್ನು ನೋಡಿದೊಡನೆ ಇವನೇ ಅರಸನೆಂದುಕೊಂಡನು. ನಿಲುವಿನ ಎತ್ತರವನ್ನು ನೋಡಬೇಡವೆಂಬ ಎಚ್ಚರಿಕೆ ಆಗ ಅವನಿಗೆ ದೊರೆಯಿತು. ಇಲ್ಲಿಯೂ ಪದ ಅದೇ ಧಾತುವಿನದು. ಕುರಿ ಕಾಯಲು ಹೋಗಿದ್ದ ಕಿರಿಯ ಮಗ ದಾವೀದನನ್ನು ಕರೆಸಬೇಕಾಯಿತು.

ಮುಂದಿನ ಪ್ರಕರಣದಲ್ಲೇ ದಾವೀದನ ಎದುರಿಗೆ ಗೊಲ್ಯಾತನು ಬರುತ್ತಾನೆ. ಅವನ ‘ಗೋವಹ್’ ಆರು ಮೊಳ ಒಂದು ಗೇಣು ಎಂದು ಪರಂಪರೆಯಿಂದ ಬಂದ ಹೀಬ್ರೂ ಪಾಠ ಹೇಳುತ್ತದೆ. ಸುಮಾರು ಒಂಬತ್ತೂವರೆ ಅಡಿ! ಆದರೆ ಮೃತಸಮುದ್ರದ ಬಳಿ ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ ದೊರೆತ, ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಸಮುವೇಲನ ಗ್ರಂಥದ ಸುರುಳಿಯಲ್ಲಿಯೂ ಪ್ರಾಚೀನ ಗ್ರೀಕ್ ಅನುವಾದದಲ್ಲಿಯೂ ಇರುವುದು ನಾಲ್ಕು ಮೊಳ ಒಂದು ಗೇಣು ಮಾತ್ರ. ಸುಮಾರು ಆರೂವರೆ ಅಡಿ. ಹಳೆಯ ಪಾಠ ಇದೇ ಇರಬೇಕೆಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ಅವರ ಎಣಿಕೆ ಸರಿಯಾಗಿದ್ದರೆ, ಗೊಲ್ಯಾತನು ಸತ್ತ ಮೇಲೆಯೂ ಹೇಳುವವರ ಬಾಯಲ್ಲಿ ಎರಡು ಮೊಳ ಬೆಳೆದನೆಂದಾಯಿತು.

ಇಷ್ಟರವರೆಗೆ ಎತ್ತರವು ಶರೀರದ್ದು. ಅದು ಹೃದಯಕ್ಕೆ ಏರುವ ಬಗೆಯನ್ನು ಪ್ರವಾದಿ ಯೆಹೆಜ್ಕೇಲನು ಒಂದು ಮರದ ಕಥೆಯಾಗಿ ಹೇಳಿದ್ದಾನೆ. ಲೆಬನೋನಿನ ದೇವದಾರು ವೃಕ್ಷವೊಂದು ನೀರಿನ ಸಮೃದ್ಧಿಯಿಂದ ಕಾಡಿನ ಮರಗಳನ್ನೆಲ್ಲ ಮೀರಿ ಬೆಳೆಯಿತು. ಹಕ್ಕಿಗಳು ಅದರ ಕೊಂಬೆಗಳಲ್ಲಿ ಗೂಡು ಕಟ್ಟಿದವು. ಕಾಡುಮೃಗಗಳು ಅದರ ಕೆಳಗೆ ಮರಿ ಹಾಕಿದವು. ಅದರ ನೆರಳಲ್ಲಿ ಜನಾಂಗಗಳೇ ವಾಸಿಸಿದವು. ಇಷ್ಟಕ್ಕೆ ಪ್ರವಾದಿಯ ಆಕ್ಷೇಪವಿಲ್ಲ. ಆ ಬೆಳವಣಿಗೆಯನ್ನು ಅವನು ಮೆಚ್ಚಿಯೇ ವರ್ಣಿಸುತ್ತಾನೆ. ಆದರೆ ತನ್ನ ಎತ್ತರದಿಂದಾಗಿ ಮರದ ಹೃದಯವೂ ಏರಿತು. ಆಮೇಲೆ ಕೊಡಲಿ ಬಂತು. ನೆರಳಿನಲ್ಲಿದ್ದವರೆಲ್ಲ ಎದ್ದು ಹೋದರು. ಈ ಮರ ಅಶ್ಶೂರ ಸಾಮ್ರಾಜ್ಯದ ಉಪಮೆ. ಪ್ರವಾದಿ ಅದನ್ನು ಹೇಳಿದ್ದು ಐಗುಪ್ತದ ಅರಸನಿಗೆ ಎಚ್ಚರಿಕೆಯಾಗಿ.

ಮರದ ಕಥೆ ಉಪಮೆಯಾಯಿತು. ಮನುಷ್ಯರ ಬಾಳಿನಲ್ಲಿ ಈ ಪದದ ನಿಜವಾದ ಪರೀಕ್ಷೆಯನ್ನು ನೋಡಬೇಕಾದರೆ ಪೂರ್ವಕಾಲವೃತ್ತಾಂತವೆಂಬ ಗ್ರಂಥದ ಎರಡನೆಯ ಭಾಗಕ್ಕೆ ಹೋಗಬೇಕು. ಅಲ್ಲಿ ಯೆಹೂದ ರಾಜ್ಯದ ಮೂವರು ಅರಸರ ವಿಷಯದಲ್ಲಿ, ಹೃದಯ ಎತ್ತರವಾಯಿತೆಂಬ ಒಂದೇ ಮಾತನ್ನು ಪ್ರಯೋಗಿಸಿದೆ. ಮೂವರ ಗತಿಯೂ ಬೇರೆ ಬೇರೆ.

ಮೊದಲನೆಯವನು ಯೆಹೋಷಾಫಾಟ. ದೇವರ ಮಾರ್ಗದಲ್ಲಿ ಅವನ ಹೃದಯ ಎತ್ತರವಾಯಿತೆಂದು ಗ್ರಂಥ ಹೇಳುತ್ತದೆ. ಇಲ್ಲಿ ಅದನ್ನು ಗರ್ವವೆಂದು ಅನುವಾದಿಸಿದರೆ ಅನರ್ಥವಾದೀತು. ಉತ್ಸಾಹ, ಧೈರ್ಯ, ಎದೆಗಾರಿಕೆ ಎಂದೇ ಹೇಳಬೇಕು. ಹೃದಯ ಎತ್ತರವಾದ ಮೇಲೆ ಅವನು ಮಾಡಿದ್ದೇನು? ತನ್ನ ಅಧಿಕಾರಿಗಳಲ್ಲಿ ಐವರನ್ನೂ, ಅವರೊಡನೆ ಲೇವಿಯರನ್ನೂ ಯಾಜಕರನ್ನೂ ಧರ್ಮಶಾಸ್ತ್ರದ ಗ್ರಂಥದೊಡನೆ ಊರೂರಿಗೆ ಕಳುಹಿಸಿ ಜನರಿಗೆ ಬೋಧನೆ ಮಾಡಿಸಿದನು. ಅರಸನ ಎದೆ ಎತ್ತರವಾದದ್ದರ ಫಲ ಬೆಟ್ಟದ ಮೇಲಿನ ರಾಜಧಾನಿಯಿಂದ ಸಣ್ಣ ಊರುಗಳ ಅಂಗಳಗಳವರೆಗೂ ಮುಟ್ಟಿತು.

ಎರಡನೆಯವನು ಕ್ರಿಸ್ತಪೂರ್ವ ಎಂಟನೆಯ ಶತಮಾನದ ಉಜ್ಜೀಯ. ಹದಿನಾರನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 52 ವರ್ಷ ಅರಸನಾಗಿದ್ದನೆಂದು ಗ್ರಂಥ ಹೇಳುತ್ತದೆ. ಅವನು ಕೆಟ್ಟವನಲ್ಲ, ಸೋಮಾರಿಯಲ್ಲ, ಅಸಮರ್ಥನಂತೂ ಅಲ್ಲವೇ ಅಲ್ಲ. ಫಿಲಿಷ್ಟಿಯರ ಕೋಟೆಗಳನ್ನು ಕೆಡವಿದನು. ಯೆರೂಸಲೇಮಿನ ಬಾಗಿಲುಗಳ ಬಳಿ ಬುರುಜುಗಳನ್ನು ಕಟ್ಟಿಸಿದನು. ಅವುಗಳ ಮೇಲಿನಿಂದ ಬಾಣಗಳನ್ನೂ ದೊಡ್ಡ ಕಲ್ಲುಗಳನ್ನೂ ಎಸೆಯುವ ಯಂತ್ರಗಳನ್ನು ಮಾಡಿಸಿದನು. ಅಡವಿಯಲ್ಲಿಯೂ ಬುರುಜುಗಳನ್ನೆಬ್ಬಿಸಿ ಜಾನುವಾರುಗಳಿಗಾಗಿ ನೀರಿನ ಗುಂಡಿಗಳನ್ನು ತೋಡಿಸಿದನು. ಶೆಫೇಲಾ ಎಂಬ ತಗ್ಗಿನ ಪ್ರದೇಶದಲ್ಲಿಯೂ ಬಯಲಿನಲ್ಲಿಯೂ ಅವನಿಗೆ ಹಿಂಡುಗಳಿದ್ದವು. ಬೆಟ್ಟಗಳಲ್ಲಿ ಬೇಸಾಯಗಾರರೂ ದ್ರಾಕ್ಷಿ ಬೆಳೆಯುವವರೂ ಇದ್ದರು. ಅವನು ಮಣ್ಣನ್ನು ಪ್ರೀತಿಸುವವನಾಗಿದ್ದನೆಂದು ಗ್ರಂಥಕಾರನು ಒಂದು ಮಾತನ್ನು ಸೇರಿಸಿದ್ದಾನೆ. ಅರಸರ ಚರಿತ್ರೆಗಳಲ್ಲಿ ಇಂಥ ಮಾತು ಅಪರೂಪ.

ಅವನಿಗೆ ಆಶ್ಚರ್ಯಕರವಾದ ಸಹಾಯಗಳು ಒದಗಿದವು. ಸಹಾಯದಿಂದ ಅವನು ಬಲಿಷ್ಠನಾದನು. ಬಲಿಷ್ಠನಾದ ಮೇಲೆ ಅವನ ಹೃದಯ ಎತ್ತರವಾಯಿತು. ಈ ಸಾರಿ ನಾಶದ ಕಡೆಗೆ. ಒಂದು ದಿನ ಅವನು ಧೂಪ ಹಾಕಲು ದೇವಾಲಯದ ಒಳಕ್ಕೆ ತಾನೇ ಹೋದನು. ಅದು ಯಾಜಕರಿಗೆ ಮಾತ್ರ ಮೀಸಲಾದ ಕೆಲಸ. ಅರಸನಿಗೂ ಅಲ್ಲಿ ಅಧಿಕಾರವಿರಲಿಲ್ಲ. ಯಾಜಕನಾದ ಅಜರ್ಯನು ಎಂಬತ್ತು ಮಂದಿ ಯಾಜಕರೊಡನೆ ಅವನ ಹಿಂದೆಯೇ ಹೋಗಿ, ಇದು ನಿನ್ನ ಕೆಲಸವಲ್ಲ, ಹೊರಗೆ ಹೋಗು ಎಂದು ಎದುರಿಗೇ ಹೇಳಿದನು. ಐವತ್ತು ವರ್ಷಗಳ ಆಳ್ವಿಕೆಯಲ್ಲಿ ‘ಇಲ್ಲ’ ಎಂಬ ಮಾತನ್ನು ಉಜ್ಜೀಯನು ಎಷ್ಟು ಸಾರಿ ಕೇಳಿದ್ದನೋ! ಕೈಯಲ್ಲಿ ಧೂಪಾರತಿಯನ್ನು ಹಿಡಿದಂತೆಯೇ ಅವನು ಕೋಪದಿಂದ ಉರಿದನು. ಆ ಕ್ಷಣದಲ್ಲಿ, ಯಾಜಕರೆಲ್ಲರೂ ನೋಡುತ್ತಿರುವಾಗಲೇ, ಅವನ ಹಣೆಯ ಮೇಲೆ ರೋಗದ ಗುರುತು ಮೂಡಿತು.

ಹಣೆಯೆಂಬುದು ಕಣ್ಣಿಗೂ ನೆತ್ತಿಗೂ ನಡುವಿನ ತಾವು. ಅರಸನಿಗೆ ತನ್ನ ಹಣೆ ತನಗೆ ಕಾಣದು. ಎದುರಿಗಿದ್ದವರ ಮುಖಭಾವದಿಂದಲೇ ಅವನು ಅದನ್ನು ತಿಳಿದಿರಬೇಕು. ಅವರು ಅವನನ್ನು ಹೊರಡಿಸಿದರು. ಅವನೂ ಅವಸರದಿಂದ ಹೊರಟನು. ಅಲ್ಲಿಂದ ಸಾಯುವವರೆಗೂ ಪ್ರತ್ಯೇಕವಾದ ಒಂದು ಮನೆಯಲ್ಲಿ ವಾಸಿಸಿದನು. ಅರಮನೆಯ ಆಡಳಿತವನ್ನು ಮಗನಾದ ಯೋತಾಮನು ವಹಿಸಿಕೊಂಡನು.

ಈ ಕಥೆಯನ್ನು ಓದುವಾಗ ಎರಡು ವಿಷಯಗಳನ್ನು ನೆನಪಿನಲ್ಲಿಡುವುದು ನ್ಯಾಯ. ಮೂಲದಲ್ಲಿರುವ ‘ತ್ಸಾರಾತ್’ ಎಂಬ ಪದಕ್ಕೆ ಅನುವಾದಗಳಲ್ಲಿ ಕುಷ್ಠವೆಂದು ಬರೆಯುವ ವಾಡಿಕೆಯಿದ್ದರೂ, ಅದು ಚರ್ಮದ ನಾನಾ ವಿಕಾರಗಳಿಗೆ ಇದ್ದ ಹೆಸರು. ಈಗಿನ ವೈದ್ಯರು ಔಷಧದಿಂದ ವಾಸಿಮಾಡುವ ಕುಷ್ಠರೋಗವೇ ಅದೆಂದು ತಿಳಿಯಬೇಕಾಗಿಲ್ಲ, ಯಾವ ರೋಗಿಯನ್ನೂ ಪಾಪಿಯೆಂದು ಎಣಿಸಬೇಕಾಗಿಯೂ ಇಲ್ಲ. ಎರಡನೆಯದು, ಇದಕ್ಕಿಂತ ಹಳೆಯದಾದ ಅರಸುಗಳ ಗ್ರಂಥದಲ್ಲಿ ಈ ಅರಸನ ರೋಗದ ಸಂಗತಿ ಇದೆ, ಬೇರೆ ಮನೆಯ ವಾಸವೂ ಇದೆ; ಆದರೆ ದೇವಾಲಯದ ಪ್ರಸಂಗವಿಲ್ಲ, ಹೃದಯದ ಎತ್ತರದ ಮಾತೂ ಇಲ್ಲ. ಶತಮಾನಗಳ ತರುವಾಯ ಬರೆದ ವೃತ್ತಾಂತಕಾರನು, ಅಷ್ಟು ದೊಡ್ಡ ಅರಸನಿಗೆ ಹಾಗೇಕಾಯಿತೆಂಬ ಪ್ರಶ್ನೆಗೆ ಉತ್ತರವಾಗಿ ‘ಗಾವಹ್’ ಎಂಬ ಒಂದು ಕ್ರಿಯಾಪದವನ್ನು ಇಟ್ಟನು.

ಉಜ್ಜೀಯನ ಮಗನ ವಿಷಯದಲ್ಲಿ ಗ್ರಂಥ ಹೇಳುವ ಒಂದು ಮಾತು ಮನಮುಟ್ಟುವಂತಿದೆ. ಯೋತಾಮನು ತಂದೆಯಂತೆಯೇ ಸನ್ಮಾರ್ಗದಲ್ಲಿ ನಡೆದನು, ಆದರೆ ದೇವಾಲಯದೊಳಕ್ಕೆ ಮಾತ್ರ ಹೋಗಲಿಲ್ಲ. ಅವನೂ ಕೋಟೆ ಕಟ್ಟಿಸಿದನು, ಬುರುಜುಗಳನ್ನೆಬ್ಬಿಸಿದನು, ಯುದ್ಧಗಳನ್ನು ಗೆದ್ದನು. ತಂದೆಯಿಂದ ಕಲಿಯಬೇಕಾದುದನ್ನೆಲ್ಲ ಕಲಿತು, ತಂದೆ ಎಲ್ಲಿ ಎಡವಿದನೆಂಬುದನ್ನೂ ಕಲಿತನು. ಬೇರೆ ಮನೆಯಲ್ಲಿ ಒಬ್ಬನೇ ಕುಳಿತ ಆ ವೃದ್ಧನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೇನಿದ್ದೀತು?

ಸತ್ತ ಮೇಲೆಯೂ ಉಜ್ಜೀಯನ ಎಲುಬುಗಳಿಗೆ ನೆಲೆ ತಪ್ಪಿತು. ಅರಸರ ಸಮಾಧಿಭೂಮಿಗೆ ಸೇರಿದ ಹೊಲದಲ್ಲಿ ಅವನನ್ನು ಹೂಳಿದರೆಂದು ಗ್ರಂಥ ಹೇಳುತ್ತದೆ. 1931ರಲ್ಲಿ ಪುರಾತತ್ವಜ್ಞ ಎ. ಎಲ್. ಸುಕೇನಿಕ್ ಅವರು ಯೆರೂಸಲೇಮಿನ ಎಣ್ಣೇಮರಗಳ ಗುಡ್ಡದ ಮೇಲಿನ ರಷ್ಯನ್ ಮಠದ ಸಂಗ್ರಹದಲ್ಲಿ ಒಂದು ಕಲ್ಲಿನ ಫಲಕವನ್ನು ಗುರುತಿಸಿದರು. ಯೆಹೂದದ ಅರಸ ಉಜ್ಜೀಯನ ಎಲುಬುಗಳನ್ನು ಅಲ್ಲಿಗೆ ತಂದಿರಿಸಿದ್ದಾರೆಂದೂ ತೆರೆಯಕೂಡದೆಂದೂ ಅದರ ಮೇಲೆ ಅರಮಾಯಿಕ್ ಭಾಷೆಯಲ್ಲಿ ಕೊರೆದಿದೆ. ಅಕ್ಷರಗಳ ರೀತಿಯಿಂದ ಅದು ಅರಸನು ಸತ್ತು ಏಳುನೂರು ವರ್ಷಗಳಷ್ಟು ಕಾಲ ಕಳೆದ ಮೇಲಿನದೆಂದು ನಿರ್ಣಯಿಸಿದ್ದಾರೆ. ಬುರುಜುಗಳ ಅರಸನ ಹೆಸರನ್ನು ಹೊತ್ತ ಆ ಚಿಕ್ಕ ಕಲ್ಲು ಈಗ ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ.

ಮೂರನೆಯ ಅರಸ ಹಿಜ್ಕೀಯ, ಯೋತಾಮನ ಮೊಮ್ಮಗ. ಅವನು ಮರಣಕರವಾದ ಕಾಯಿಲೆಯಲ್ಲಿ ಬಿದ್ದು ಪ್ರಾರ್ಥಿಸಿ ಗುಣಹೊಂದಿದನು. ಗುಣಹೊಂದಿದವನು ಉಪಕಾರವನ್ನು ನೆನೆಯಲಿಲ್ಲ, ಅವನ ಹೃದಯ ಎತ್ತರವಾಯಿತು ಎಂದು ಗ್ರಂಥ ಹೇಳುತ್ತದೆ. ಆದರೆ ಅವನು ಉಜ್ಜೀಯನಂತೆ ಕೊನೆಯವರೆಗೂ ಏರುತ್ತ ಹೋಗಲಿಲ್ಲ. ತನ್ನ ಹೃದಯದ ಎತ್ತರವನ್ನು ತಾನೇ ಕಂಡುಕೊಂಡು ಯೆರೂಸಲೇಮಿನ ಜನರೊಡನೆ ತಗ್ಗಿದನು. ಎತ್ತರವೆಂಬ ಆ ಒಂದು ಪದದ ಚರಿತ್ರೆಯಲ್ಲಿ ಇದು ಬಹಳ ಮುಖ್ಯವಾದ ಘಟನೆ. ಏರಿದ ಹೃದಯ ಬೀಳದೆಯೂ ಇಳಿಯಬಲ್ಲದೆಂದು ಇದರಿಂದ ತಿಳಿಯುತ್ತದೆ.

ಊರಾಚೆಯ ಗೀಹೋನ್ ಬುಗ್ಗೆಯ ನೀರನ್ನು ಕೆಳಕ್ಕೆ ಹರಿಸಿ ಊರೊಳಕ್ಕೆ ತಂದವನು ಹಿಜ್ಕೀಯನೆಂದು ಅದೇ ಗ್ರಂಥದಲ್ಲಿದೆ. ಬಂಡೆಯನ್ನು ಕೊರೆದು ಮಾಡಿದ, 533 ಮೀಟರ್ ಉದ್ದದ ಆ ಸುರಂಗದಲ್ಲಿ ಇಂದಿಗೂ ನೀರು ಹರಿಯುತ್ತದೆ. ಅದರ ಗೋಡೆಯ ಮೇಲಿದ್ದ ಒಂದು ಶಾಸನ 1880ರಲ್ಲಿ ಬೆಳಕಿಗೆ ಬಂತು. ಅದೀಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಎರಡು ಕಡೆಯಿಂದ ಕೊರೆಯುತ್ತ ಬಂದ ಕೂಲಿಯಾಳುಗಳು ಬಂಡೆಯಾಚೆಯ ಜೊತೆಗಾರರ ದನಿಯನ್ನು ಕೇಳಿದ್ದು, ಗುದ್ದಲಿಗೆ ಗುದ್ದಲಿ ಎದುರಾದದ್ದು, ನೀರು ಹರಿದದ್ದು ಅದರಲ್ಲಿ ಬರೆದಿವೆ. ಉಳಿದಿರುವ ಸಾಲುಗಳಲ್ಲಿ ಎಲ್ಲಿಯೂ ಅರಸನ ಹೆಸರಿಲ್ಲ. ಪ್ರಾಚೀನ ಕಾಲದ ಶಾಸನಗಳಲ್ಲಿ ಬಹುಭಾಗ ಅರಸರ ಬಿರುದುಗಳಿಂದಲೇ ತುಂಬಿರುವುದನ್ನು ಕಂಡವರಿಗೆ ಈ ಮೌನ ಹಿತವಾಗಿ ತೋರುತ್ತದೆ.

ಪದವು ತೀರ್ಪು ಹೇಳದಿರುವಾಗ ಒಳ್ಳೆಯ ಎತ್ತರವನ್ನೂ ಕೆಟ್ಟ ಎತ್ತರವನ್ನೂ ಬೇರ್ಪಡಿಸುವ ಗುರುತಾದರೂ ಯಾವುದು? ಹೀಬ್ರೂ ಕೀರ್ತನಕಾರರು ಅದಕ್ಕೆ ಕಣ್ಣನ್ನೇ ತೋರಿಸುತ್ತಾರೆ. ದೇವರ ಎತ್ತರವನ್ನು ಹಾಡುವಾಗ ಅವರು, ಅವನು ಅಷ್ಟು ಮೇಲೆ ಕುಳಿತಿದ್ದರೂ ಕೆಳಗಿನದನ್ನು ನೋಡುವುದಕ್ಕಾಗಿ ಬಗ್ಗುತ್ತಾನೆಂದು ಕೂಡಲೇ ಸೇರಿಸುತ್ತಾರೆ. ತಗ್ಗಿನಲ್ಲಿರುವವನನ್ನು ಹತ್ತಿರದಿಂದ ಕಾಣುವ ಆ ಕಣ್ಣಿಗೆ ಗರ್ವಿಷ್ಠನು ಮಾತ್ರ ದೂರದವನು. ಕೀರ್ತನೆಗಳಲ್ಲಿ ಏರುವಿಕೆಯ ಹಾಡುಗಳೆಂಬ ಹೆಸರಿನ ಹದಿನೈದು ಇವೆ. ಯೆರೂಸಲೇಮಿಗೆ ಬೆಟ್ಟವೇರಿ ಬರುವ ಯಾತ್ರಿಕರು ಅವನ್ನು ಹಾಡುತ್ತಿದ್ದರೆಂದು ಬಹಳ ಮಂದಿ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅವುಗಳಲ್ಲಿ 131ನೆಯದು ತೀರ ಚಿಕ್ಕದು. ಹೃದಯ ಎತ್ತರವಾಗಿಲ್ಲವೆಂದೂ ಕಣ್ಣು ಮೇಲೇರಿಲ್ಲವೆಂದೂ ಹಾಡುವವನು ಅಲ್ಲಿ ಹೇಳಿಕೊಳ್ಳುತ್ತಾನೆ. ಹಾಲು ಬಿಡಿಸಿದ ಮಗು ತಾಯಿಯ ಮಡಿಲಲ್ಲಿ ಸುಮ್ಮನಿರುವಂತೆ ತನ್ನ ಜೀವವಿದೆಯೆಂದು ಹೋಲಿಸುತ್ತಾನೆ. ಕಾಲು ಬೆಟ್ಟವನ್ನು ಏರುತ್ತಿರುವ ಹೊತ್ತಿಗೆ ಬಾಯಲ್ಲಿ ಈ ಹಾಡು!

ಹಾಗೆಂದು ಮನುಷ್ಯನು ಸದಾ ಕುಗ್ಗಿಯೇ ಇರಬೇಕೇ ಎಂಬ ವಾದವೂ ಯೆಹೂದ್ಯ ಪಂಡಿತರಲ್ಲಿ ನಡೆಯಿತು. ವಿದ್ವಾಂಸನಾದವನಲ್ಲಿ ಎಂಟನೆಯ ಒಂದು ಭಾಗದಲ್ಲಿ ಎಂಟನೆಯ ಒಂದು ಭಾಗದಷ್ಟು, ಎಂದರೆ ಅರವತ್ತನಾಲ್ಕರಲ್ಲೊಂದು ಪಾಲು, ಹೆಮ್ಮೆ ಇರಬೇಕೆಂದು ತಾಲ್ಮೂದ್ ಗ್ರಂಥದಲ್ಲಿ ಒಂದು ಮತವಿದೆ. ಅದೂ ಬೇಡ, ಅದರ ಲೇಶವೂ ಬೇಡವೆಂದು ರಬ್ಬಿ ನಹ್ಮಾನ್ ಬರ್ ಇತ್ಸಾಕ್ ಅದೇ ಪುಟದಲ್ಲಿ ಎದುರಾಡುತ್ತಾರೆ. ಇವೆರಡರ ನಡುವಣ ದಾರಿಯನ್ನು, ಪೋಲೆಂಡಿನಲ್ಲಿದ್ದು 1827ರಲ್ಲಿ ಕಾಲವಾದ ರಬ್ಬಿ ಸಿಮ್ಹಾ ಬುನಿಮ್ ಅವರ ಹೆಸರಿನಲ್ಲಿ ಪ್ರಚಾರದಲ್ಲಿರುವ ಒಂದು ಉಪದೇಶ ತೋರಿಸುತ್ತದೆ. ಪ್ರತಿಯೊಬ್ಬನೂ ಎರಡು ಜೇಬುಗಳಲ್ಲಿ ಎರಡು ಚೀಟಿಗಳನ್ನು ಇಟ್ಟುಕೊಳ್ಳಬೇಕಂತೆ. ಜಗತ್ತು ಸೃಷ್ಟಿಯಾದದ್ದು ತನಗಾಗಿಯೇ ಎಂದು ಒಂದರಲ್ಲಿ. ತಾನು ಧೂಳು ಬೂದಿಗಳೆಂದು ಇನ್ನೊಂದರಲ್ಲಿ. ಎದೆಗುಂದಿದ ದಿನ ಮೊದಲನೆಯದನ್ನು ಓದಿಕೊಳ್ಳಬೇಕು. ಎದೆ ಉಬ್ಬಿದ ದಿನ ಎರಡನೆಯದನ್ನು. ಕಷ್ಟವಿರುವುದು ಓದುವುದರಲ್ಲಲ್ಲ, ಯಾವ ದಿನ ಯಾವ ಜೇಬಿಗೆ ಕೈಹಾಕಬೇಕೆಂಬುದನ್ನು ಅರಿಯುವುದರಲ್ಲಿ. ಉಜ್ಜೀಯನು ಎಡವಿದ್ದು ಅಲ್ಲಿಯೇ.

ಧರ್ಮಗ್ರಂಥದ ಭಾಷೆಯಾಗಿ ಉಳಿದಿದ್ದ ಹೀಬ್ರೂವನ್ನು ಮನೆಮಾತಾಗಿ ಬಳಸಬೇಕೆಂದು ದುಡಿದವರಲ್ಲಿ ಅಗ್ರಗಣ್ಯರು ಎಲಿಯೆಜರ್ ಬೆನ್ ಯೆಹೂದಾ (1858-1922). ಇಂದು ಆ ಭಾಷೆಯನ್ನಾಡುವ ತಾಯಿ ತನ್ನ ಮಗ ಬೆಳೆದುದನ್ನು ಕಂಡು ಹಿಗ್ಗಿ ‘ಗಾವೋಹ’ ಎನ್ನುತ್ತಾಳೆ. ವೈದ್ಯನು ರಕ್ತದ ಒತ್ತಡ ಹೆಚ್ಚಾಗಿದೆಯೆನ್ನಲೂ ಅದೇ ಪದವನ್ನು ಬಳಸುತ್ತಾನೆ. ರೂಮ್ ಎಂಬ ಮತ್ತೊಂದು ಎತ್ತರದ ಧಾತುವಿನಿಂದ ‘ತೆರೂಮಾ’ ಎಂಬ ಪದವೂ ಬಂದಿದೆ. ಅದರ ಅರ್ಥ ಕಾಣಿಕೆ, ದಾನ. ತನ್ನ ಪಾಲಿನಿಂದ ಎತ್ತಿ ಬೇರೆಯವರಿಗಾಗಿ ತೆಗೆದಿರಿಸಿದ್ದು. ಮೇಲೇರಿದ ಕಣ್ಣಿಗೂ ಮೇಲೆತ್ತಿ ಕೊಟ್ಟ ಕಾಣಿಕೆಗೂ ಬೇರು ಒಂದೇ.

ಮಕ್ಕಳು ಎತ್ತರವಾಗಿ ಬೆಳೆಯಲೆಂದು ಹಾರೈಸದ ತಾಯಿತಂದೆಯರು ಯಾವ ದೇಶದಲ್ಲಿಯೂ ಇಲ್ಲ. ವಿದ್ಯೆಯಲ್ಲಿ, ಪದವಿಯಲ್ಲಿ, ಹೆಸರಿನಲ್ಲಿ ಅವರು ತಮ್ಮನ್ನೂ ಮೀರಲೆಂದು ಬಯಸುವುದು ಸಹಜ. ಆ ಬಯಕೆಯಲ್ಲಿ ತಪ್ಪೇನೂ ಇಲ್ಲವೆಂದು ಯೆಹೋಷಾಫಾಟನ ಕಥೆ ಹೇಳುತ್ತದೆ. ಬೆಳೆದ ಮಗ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಕ್ಕೆ ಬರುವಾಗ, ಹೊಸ್ತಿಲ ಬಳಿ ಕುಳಿತ ಮುದುಕಿ ಅವನ ಕಣ್ಣಿಗೆ ಬಿದ್ದರೆ, ಅವನು ಎಷ್ಟು ಎತ್ತರ ಬೆಳೆದರೂ ಮನೆಯವರು ಚಿಂತಿಸಬೇಕಾಗಿಲ್ಲ.